ಹುಲ್ಲಿನ ಹಗೇವು ಅಳೆದ ಕಥೆ

ಎರೆಹೊಲಕ್ಕೆ ಕರಿಕೆ (ಗರಿಕೆ ಹುಲ್ಲು) ಹೊಕ್ಕರೆ ಏನಾಗುತ್ತದೆ ಎಂದು ರಾಯಚೂರು, ಕೊಪ್ಪಳದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲೆ ಎಷ್ಟು ಕೆತ್ತಿದರೂ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಸುಟ್ಟು ಹೋದಂತೆ ಕಂಡದ್ದು ಒಂದೇ ಮಳೆಗೆ ಹಸಿರಾಗುತ್ತದೆ. ನೆಲದೊಳಗಿನ ಕಾಂಡ, ಬೇರುಗಳಲ್ಲಿ ಅದು ಪಿಷ್ಟ, ಸಕ್ಕರೆ ಕೂಡಿಟ್ಟಿರುತ್ತದೆ, ಹಿಂದೆ ನಮ್ಮವರು ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಾಗೆ. ಅದು ಎಷ್ಟಿದೆ ಅಂತ ಅಳೆಯುವುದು ಹೇಗೆ?

1927ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗ್ರೇಬರ್ ಮತ್ತು ಸಂಗಡಿಗರು ಲೂಸರ್ನ್ ಮೇವಿನ ಬಗ್ಗೆ ಬರೆದರು: ಪದೇ ಪದೇ ಎಳೆಯದನ್ನೇ ಕೊಯ್ದರೆ ಬೇರಿನ ದಾಸ್ತಾನು ಕರಗಿ ಗಿಡ ಸೊರಗುತ್ತದೆ. ಆಮೇಲೆ ರಸಾಯನಶಾಸ್ತ್ರದ ಸರದಿ. 1947ರಲ್ಲಿ ವೈನ್‌ಮನ್ ಕೊಟ್ಟ ವಿಧಾನದಲ್ಲಿ ಬೇರು ಒಣಗಿಸಿ, ಪುಡಿ ಮಾಡಿ, ಕಿಣ್ವದಿಂದ ಪಿಷ್ಟ ಒಡೆದು, ಸಕ್ಕರೆ ಲೆಕ್ಕ ಹಾಕುತ್ತಾರೆ. ಲೆಕ್ಕ ಪಕ್ಕಾ, ಕೆಲಸ ಜಾಸ್ತಿ. ಅಗೆದ ಬೇರೂ ಉಸಿರಾಡುತ್ತಲೇ ಇರುತ್ತದೆ. ಬೇಗ ಒಣಗಿಸದಿದ್ದರೆ ಅಳೆಯುವ ಮೊದಲೇ ಸಕ್ಕರೆ ಖರ್ಚಾಗುತ್ತದೆ.

1962ರಲ್ಲಿ ಬರ್ಟನ್ ಮತ್ತು ಜಾಕ್ಸನ್ ಬೇರೆ ದಾರಿ ಹಿಡಿದರು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿದ್ದ ಗ್ಲೆನ್ ಬರ್ಟನ್ ಬರ್ಮುಡಾ ಹುಲ್ಲಿನ ತಳಿಗಾರ. ಬರ್ಮುಡಾ ಅಂದರೆ ಇದೇ ನಮ್ಮ ಕರಿಕೆ! ಬೇರು ಸಮೇತ ಹುಲ್ಲಿನ ಹೆಂಟೆ ಕಿತ್ತು, ಮೇಲಿನ ಎಲೆ ಕತ್ತರಿಸಿ, ಕಗ್ಗತ್ತಲಲ್ಲಿ ಇಡಬೇಕು. ನೀರುಂಟು, ಬೆಳಕಿಲ್ಲ. ಬೆಳಕಿಲ್ಲದೆ ಹುಲ್ಲು ಅಡುಗೆ ಮಾಡಿಕೊಳ್ಳಲಾರದು. ಬರುವ ಬಿಳಚು ಚಿಗುರೆಲ್ಲ ಹಳೆಯ ದಾಸ್ತಾನಿನದೇ. ಅದನ್ನು ಕೊಯ್ದು, ಒಣಗಿಸಿ ತೂಗುತ್ತಾ ಹೋಗಬೇಕು, ಚಿಗುರು ನಿಲ್ಲುವವರೆಗೆ. ಯಂತ್ರ ಬೇಡ, ತಕ್ಕಡಿ ಸಾಕು. ನನಗಂತೂ ಇದೇ ಇಷ್ಟ. ಗಿಡ ನಿಜಕ್ಕೂ ಎಷ್ಟು ಬಳಸಬಲ್ಲದು ಅಂತ ಗಿಡವೇ ಹೇಳುತ್ತದಲ್ವಾ?

ಆದರೆ ಇದೂ ಪೂರ್ತಿ ಲೆಕ್ಕವಲ್ಲ. ಸ್ವಲ್ಪ ಪಿಷ್ಟ ಚಿಗುರಾಗದೆ ಉಸಿರಾಟಕ್ಕೇ ಹೋಗುತ್ತದೆ. ಚಿಗುರಿನಲ್ಲಿ ಬೇರಿನ ಪ್ರೋಟೀನಿನ ಪಾಲೂ ಇರುತ್ತದೆ. ಇದಕ್ಕಿಂತ ದೊಡ್ಡ ತಕರಾರು ಬೇರೆಯೇ ಇತ್ತು. ಕೊಯ್ದ ಮೇಲೆ ದಾಸ್ತಾನು ಇಳಿಯಿತು ಎಂದ ಮಾತ್ರಕ್ಕೆ ಹೊಸ ಎಲೆ ಅದರಿಂದಲೇ ಆಯಿತು ಎನ್ನಬಹುದೇ ಎಂದು 1960ರಲ್ಲೇ ಮೇ ಎಂಬ ವಿಜ್ಞಾನಿ ಕೇಳಿದ್ದರು. 1966ರಲ್ಲಿ ಡೇವಿಡ್‌ಸನ್, ಮಿಲ್ತೋರ್ಪ್ ಒಂದು ಮೇವಿನ ಹುಲ್ಲಿನಲ್ಲಿ ತೋರಿಸಿದ್ದು, ದಾಸ್ತಾನು ಆಸರೆಯಾಗುವುದು ಮೊದಲ ಕೆಲವೇ ದಿನ ಎಂದು. ಆಮೇಲೆ ಹೊಸ ಎಲೆಯ ದುಡಿಮೆಯೇ ಮುಖ್ಯ.

ಬಳ್ಳಾರಿ ಕುರಿ ಮೇಯುವ ಗೋಮಾಳಕ್ಕೆ ಈ ಮಾತು ಹತ್ತಿರದ್ದು. ಮುಂಗಾರಿನ ಮೊದಲ ಚಿಗುರಿಗೇ ಹಿಂಡು ಬಿಟ್ಟರೆ, ಖರ್ಚಾದದ್ದು ಮತ್ತೆ ತುಂಬುವ ಮೊದಲೇ ಎಲೆ ಹೋಗುತ್ತದೆ. ಸ್ವಲ್ಪ ದಿನ ತಡೆದು, ಬುಡದಲ್ಲಿ ಒಂದಷ್ಟು ಎಲೆ ಬಿಟ್ಟು ಮೇಯಿಸುವುದು ಒಳ್ಳೆಯದು. ಬೇಸಿಗೆಯಿಡೀ ಹಸಿದ ಕುರಿಗಳನ್ನು ಅಷ್ಟು ದಿನ ಎಲ್ಲಿ ಕಟ್ಟುವುದು ಎಂಬುದು ಕುರಿಗಾರರ ಪ್ರಶ್ನೆ. ಅದಕ್ಕೆ ಒಣಮೇವು ಬೇಕು, ತಕ್ಕಡಿಯಲ್ಲ.