ಪದ ಪರಿಚಯ: ಹೆಕ್ಸ್ ಕ್ರಾಲ್

ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಳಗದ ಆಟಗಳಲ್ಲಿ ‘ಹೆಕ್ಸ್ ಕ್ರಾಲ್’ ಎಂಬುದು ಆಟವನ್ನು ನಡೆಸುವ ಒಂದು ವಿಧಾನದ ಹೆಸರು. ಕಲ್ಪಿತ ನಾಡಿನ ನಕಾಶೆಯನ್ನು ಜೇನುಹುಟ್ಟಿನ ಕಣ್ಣುಗಳಂತೆ ಆರು ಬದಿಯ ಮನೆಗಳಾಗಿ ವಿಂಗಡಿಸಿ, ಯಾವ ಮನೆಯಲ್ಲಿ ಏನಿದೆ ಎಂಬುದನ್ನು ಆಟ ನಡೆಸುವ ಡಂಜನ್ ಮಾಸ್ಟರ್ ಮೊದಲೇ ಬರೆದಿಟ್ಟುಕೊಳ್ಳುತ್ತಾರೆ; ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬುದನ್ನು ಆಟಗಾರರೇ ತೀರ್ಮಾನಿಸುತ್ತಾರೆ. ಇಂಥ ಒಂದು ಮನೆಗೆ ಹೆಕ್ಸ್ ಎನ್ನುವುದು ರೂಢಿ. ಆದರೆ ಷಡ್ಭುಜಗಳ ನಕಾಶೆಯನ್ನು ಮೇಜಿನ ಮೇಲೆ ಹರಡಿದ ಮಾತ್ರಕ್ಕೆ ಆಟ ಹೆಕ್ಸ್ ಕ್ರಾಲ್ ಆಗಿಬಿಡುವುದಿಲ್ಲ. ದಿಕ್ಕಿನ ಆಯ್ಕೆ ಆಟಗಾರರದಾಗಿರಬೇಕು ಮತ್ತು ಆ ಆಯ್ಕೆಗೆ ಅವರು ದಿನಗಳಲ್ಲಿ, ಬುತ್ತಿಯಲ್ಲಿ, ಅಪಾಯದಲ್ಲಿ ಬೆಲೆ ತೆರಬೇಕು. ಇವೆರಡೂ ಇಲ್ಲದಿದ್ದರೆ ಆ ನಕಾಶೆ ಬರಿಯ ಅಲಂಕಾರ.

ಚೌಕ ಬಿಟ್ಟು ಷಡ್ಭುಜವನ್ನು ಹಿಡಿದದ್ದಕ್ಕೆ ಸರಳವಾದ ಕಾರಣವಿದೆ. ಚೌಕಗಳ ನಕಾಶೆಯಲ್ಲಿ ಮೂಲೆ ಹಿಡಿದು ಸಾಗಿದರೆ ನೇರವಾಗಿ ಸಾಗುವುದಕ್ಕಿಂತ ಸುಮಾರು 1.4 ಪಟ್ಟು ಹೆಚ್ಚು ದೂರವನ್ನು ಒಂದೇ ನಡೆಯಲ್ಲಿ ಕ್ರಮಿಸಿದಂತಾಗುತ್ತದೆ. ಷಡ್ಭುಜದಲ್ಲಾದರೆ ಆರೂ ನೆರೆಮನೆಗಳ ನಡುಬಿಂದು ಸಮದೂರದಲ್ಲಿರುತ್ತದೆ. ಯುದ್ಧದ ಆಟಗಳನ್ನು ಪ್ರಕಟಿಸುತ್ತಿದ್ದ ಅಮೆರಿಕದ ಅವಲಾನ್ ಹಿಲ್ ಸಂಸ್ಥೆ 1961ರ ಹೊತ್ತಿಗೇ ಈ ಬಗೆಯ ಹಲಗೆಗಳನ್ನು ಬಳಕೆಗೆ ತಂದಿತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬಂದಾಗ, ಕಾಡುಮೇಡಿನ ಸಂಚಾರಕ್ಕೆ ಅದೇ ಸಂಸ್ಥೆಯ 1972ರ ಔಟ್‌ಡೋರ್ ಸರ್ವೈವಲ್ ಎಂಬ ಆಟದ ಹಲಗೆಯನ್ನು ಬಳಸಿಕೊಳ್ಳುವಂತೆ ಆಟಗಾರರಿಗೆ ಸೂಚಿಸಲಾಗಿತ್ತು. ಆ ಆಟದಲ್ಲಿ ರಾಕ್ಷಸರಿಲ್ಲ, ಮಾಟವಿಲ್ಲ. ಕಾಡಿನಲ್ಲಿ ದಾರಿ ತಪ್ಪಿದವರು ಅನ್ನನೀರು ಹುಡುಕಿಕೊಂಡು ಬದುಕಿ ಬರುವುದೇ ಅದರ ವಸ್ತು. ಹೀಗಾಗಿ ಹಸಿವಿನ ಲೆಕ್ಕ ಹೆಕ್ಸ್ ಕ್ರಾಲಿಗೆ ಆಮೇಲೆ ಯಾರೋ ತಂದು ಸೇರಿಸಿದ ಕಿರಿಕಿರಿಯಲ್ಲ, ಹುಟ್ಟಿನಿಂದಲೇ ಬಂದದ್ದು. 1977ರಲ್ಲಿ ಜಡ್ಜಸ್ ಗಿಲ್ಡ್ ಸಂಸ್ಥೆ ಐದು ಮೈಲಿಯ ಹೆಕ್ಸುಗಳಿಂದ ಒಂದು ಇಡೀ ನಾಡನ್ನೇ ನಕಾಶೆಗಿಳಿಸಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನದೇ ಆದ 1981ರ ಎಕ್ಸ್‌ಪರ್ಟ್ ನಿಯಮಾವಳಿಯ ಜೊತೆಗೆ ಬಂದ ದ್ವೀಪದ ಸಾಹಸದ ನಕಾಶೆಯಲ್ಲಿ ಅಳತೆ ಆರು ಮೈಲಿಯಾಯಿತು. ಇಂದಿಗೂ ಹೆಚ್ಚಿನವರು ಹಿಡಿಯುವುದು ಆರು ಮೈಲಿಯನ್ನೇ, ಅಂದರೆ ಸುಮಾರು 9.7 ಕಿಲೋಮೀಟರನ್ನು. ಸಮತಟ್ಟಾದ ನೆಲದಲ್ಲಿ ನಿಂತವರ ಕಣ್ಣಿಗೆ ದಿಗಂತ ಸುಮಾರು ಮೂರು ಮೈಲಿ ದೂರದಲ್ಲಿರುವುದರಿಂದ, ಹೆಕ್ಸಿನ ನಡುವೆ ನಿಂತವರಿಗೆ ಅದರ ಅಂಚಿನವರೆಗೆ ಕಾಣುತ್ತದೆ, ಅದರಾಚೆಗೆ ಕಾಣುವುದಿಲ್ಲ ಎಂಬ ಅನುಕೂಲವೂ ಈ ಅಳತೆಗಿದೆ.

ಗಂಗಾವತಿಯ ಸುತ್ತಲಿನ ನೆಲವನ್ನೇ ಎರವಲು ಪಡೆದು ಒಂದು ಕಲ್ಪಿತ ರಾಜ್ಯವನ್ನು ಕಟ್ಟಿದರೆ ವಿಧಾನ ಸ್ಪಷ್ಟವಾಗುತ್ತದೆ. ಗಂಗಾವತಿಯನ್ನು ನಡುವಿನ ಹೆಕ್ಸಿನಲ್ಲಿಟ್ಟರೆ, ಪಶ್ಚಿಮದ ನೆರೆಮನೆಯಲ್ಲಿ ಹಿರೇಬೆಣಕಲ್ಲಿನ ಗುಡ್ಡಗಳು, ನೈರುತ್ಯಕ್ಕೆ ಆನೆಗೊಂದಿಯ ಕಲ್ಲುಬಂಡೆಗಳ ರಾಶಿ, ಆಗ್ನೇಯಕ್ಕೆ ತುಂಗಭದ್ರೆಯ ಆಚೆ ದಡದಲ್ಲಿ ಬಳ್ಳಾರಿ ಜಿಲ್ಲೆಯ ಕಂಪ್ಲಿ ಬರುತ್ತವೆ. ವಾಯುವ್ಯಕ್ಕೆ ಇನ್ನೊಂದು ಹೆಕ್ಸ್ ದಾಟಿ ಹೋದರೆ ಕನಕಗಿರಿ. ಒಂದು ಹೆಕ್ಸಿಗೂ ಇನ್ನೊಂದಕ್ಕೂ ನೆಲದ ಗುಣವೇ ಬೇರೆಯಾಗಿರುವ ಇಂಥ ಸೀಮೆ ಈ ಆಟಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದು ನನ್ನ ಅಭಿಪ್ರಾಯ. ಎಕ್ಸ್‌ಪರ್ಟ್ ನಿಯಮಾವಳಿಯ ಲೆಕ್ಕದಲ್ಲಿ ಸಾಧಾರಣ ಹೊರೆ ಹೊತ್ತ ತಂಡ ಬಯಲಿನಲ್ಲಿ ದಿನಕ್ಕೆ 18 ಮೈಲಿ ನಡೆಯಬಲ್ಲದು, ಅಂದರೆ ಮೂರು ಹೆಕ್ಸ್. ಗುಡ್ಡ ಅಥವಾ ಕಾಡಿನಲ್ಲಿ ಅದು ಮೂರರಲ್ಲಿ ಎರಡು ಪಾಲಿಗೆ ಇಳಿದು 12 ಮೈಲಿಯಾಗುತ್ತದೆ. ಜೌಗಿನಲ್ಲಿ ಅರ್ಧಕ್ಕಿಳಿದು 9 ಮೈಲಿಯಾಗುತ್ತದೆ. ರಸ್ತೆ ಸಿಕ್ಕಿದರೆ ಒಂದೂವರೆ ಪಟ್ಟಾಗಿ 27 ಮೈಲಿಗೇರುತ್ತದೆ. ನೀರು ನಿಲ್ಲಿಸಿ ನಾಟಿ ಮಾಡಿದ ಕಾಲುವೆಯಂಚಿನ ಭತ್ತದ ಗದ್ದೆಗಳನ್ನು ನಾನಾದರೆ ಜೌಗಿನ ಲೆಕ್ಕಕ್ಕೇ ಸೇರಿಸುತ್ತೇನೆ, ಏಕೆಂದರೆ ಕವಚ ತೊಟ್ಟ ಯೋಧನೊಬ್ಬ ಮೊಣಕಾಲುದ್ದದ ಕೆಸರಿನಲ್ಲಿ ಬಯಲಿನ ವೇಗದಲ್ಲಿ ನಡೆದನೆಂದರೆ ಈ ಸೀಮೆಯ ಯಾವ ಆಟಗಾರರೂ ನಂಬುವುದಿಲ್ಲ.

ಈಗ ಬುತ್ತಿಯ ಮಾತು. ತಂಡವು ಏಳು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟಿದೆ ಎಂದುಕೊಳ್ಳೋಣ. ಮೂರು ದಿನ ನಡೆದ ಮೇಲೆ ನಾಲ್ಕನೆಯ ದಿನದ ಬೆಳಗ್ಗೆ ನಾಲ್ಕು ದಿನದ ಬುತ್ತಿ ಉಳಿದಿರುತ್ತದೆ, ಮರಳುವುದಕ್ಕೆ ಮೂರು ದಿನ ಬೇಕಾಗಿರುತ್ತದೆ. ಮುಂದೆ ಕಾಣುತ್ತಿರುವ ಹಾಳುಕೋಟೆಯನ್ನು ಹೊಕ್ಕು ನೋಡಲು ಸಿಗುವುದು ಒಂದೇ ದಿನ. ಅಷ್ಟರಲ್ಲಿ ಹಿಂದೆ ಹೊಳೆ ಬಂದಿದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಸಂಚಾರ ನಿಲ್ಲುವುದನ್ನು ಕಂಡ ಆಟಗಾರರಿಗೆ ಈ ಸಂಕಟವನ್ನು ವರ್ಣಿಸಿ ಹೇಳಬೇಕಾಗಿಲ್ಲ. ‘ಹೊಳಿ ದಾಟೂಣೇನು, ನೀರು ಇಳಿಯೂತನಾ ಇಲ್ಲೇ ಕುಂದ್ರೂಣೇನು?’ ಎಂದು ಅವರು ತಮ್ಮತಮ್ಮಲ್ಲೇ ವಾದಿಸತೊಡಗಿದರೆ ಹೆಕ್ಸ್ ಕ್ರಾಲ್ ನಡೆಯುತ್ತಿದೆ ಎಂದೇ ತಿಳಿಯಬೇಕು. ಆ ಹೊತ್ತಿನಲ್ಲಿ ಡಂಜನ್ ಮಾಸ್ಟರ್ ಬಾಯಿ ಹಾಕದಿರುವುದು ಒಳ್ಳೆಯದು. ಬುತ್ತಿಯ ಲೆಕ್ಕ ಬೇಸರ ತರುತ್ತದೆಂದು ಅದನ್ನು ಕೈಬಿಡುವವರು ಬಹಳ. ಅದನ್ನು ಬಿಟ್ಟ ಕ್ಷಣದಿಂದ ಪೂರ್ವಕ್ಕೆ ಹೋದರೂ ಒಂದೇ ಪಶ್ಚಿಮಕ್ಕೆ ಹೋದರೂ ಒಂದೇ ಆಗುತ್ತದೆ, ಆಮೇಲೆ ಆರು ಬದಿಯ ಮನೆಗಳಿಗೆ ಕೆಲಸವೇ ಉಳಿಯುವುದಿಲ್ಲ.

ಬೆಲೆಯಷ್ಟೇ ಮುಖ್ಯವಾದದ್ದು ಸುದ್ದಿ. ಯಾವ ದಿಕ್ಕಿನಲ್ಲಿ ಏನಿರಬಹುದೆಂಬ ಸುಳಿವೇ ಇಲ್ಲದೆ ಆರರಲ್ಲಿ ಒಂದನ್ನು ಆರಿಸಿ ಎಂದು ಕೇಳುವುದಕ್ಕೂ ದಾಳ ಉರುಳಿಸುವುದಕ್ಕೂ ವ್ಯತ್ಯಾಸವಿಲ್ಲ. ಹೊಸದಾಗಿ ಆಟ ನಡೆಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಆಟ ಶುರುವಾಗುವ ಊರಿನ ಸಂತೆಯಲ್ಲಿ, ಗುಡಿಯ ಕಟ್ಟೆಯಲ್ಲಿ, ಹರಿಗೋಲು ಹಾಕುವವರ ಮಾತಿನಲ್ಲಿ ವದಂತಿಗಳು ಕಿವಿಗೆ ಬೀಳಬೇಕು. ಹಿರೇಬೆಣಕಲ್ಲಿನ ಬಳಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಪ್ರಾಚೀನ ಶಿಲಾಸಮಾಧಿಗಳಿರುವ ಮೊರೇರ ಗುಡ್ಡವಿದೆ. ಅವು ಮೊರೇರೆಂಬ ಕುಳ್ಳ ಜನರ ಮನೆಗಳೆಂದು ಜನಪದರ ನಂಬಿಕೆ. ಬಡಿದರೆ ನಗಾರಿಯಂತೆ ಮೊಳಗುವ ದೊಡ್ಡದೊಂದು ಬಂಡೆಯೂ ಅಲ್ಲಿದೆ. ಇಷ್ಟು ನಿಜವನ್ನು ಕಲ್ಪಿತ ರಾಜ್ಯಕ್ಕೆ ಎರವಲು ತಂದು, ‘ಮೂರು ರಾತ್ರಿಯಿಂದ ಪಶ್ಚಿಮದ ಗುಡ್ಡದಲ್ಲಿ ಯಾರೋ ಕಲ್ಲು ಬಡಿಯುತ್ತಿದ್ದಾರೆ’ ಎಂದು ಕುರಿಗಾಹಿಯೊಬ್ಬನ ಬಾಯಲ್ಲಿ ಹೇಳಿಸಿದರೆ ಸಾಕು, ಪಶ್ಚಿಮ ಎಂಬುದು ಬರಿಯ ದಿಕ್ಕಾಗಿ ಉಳಿಯುವುದಿಲ್ಲ. ವದಂತಿಗಳಲ್ಲಿ ಕೆಲವು ಸುಳ್ಳಾಗಿರಬಹುದು; ಎಲ್ಲವೂ ಸುಳ್ಳಾದರೆ ಆಟಗಾರರು ಕೇಳುವುದನ್ನೇ ಬಿಡುತ್ತಾರೆ.

ದಾರಿ ತಪ್ಪುವುದಕ್ಕೂ ನಿಯಮವಿದೆ. ಪ್ರತಿದಿನ ಡಂಜನ್ ಮಾಸ್ಟರ್ ಆಟಗಾರರಿಗೆ ಕಾಣದಂತೆ ಆರು ಮುಖದ ದಾಳವೊಂದನ್ನು ಉರುಳಿಸುತ್ತಾರೆ. ಬಯಲಿನಲ್ಲಿ ದಾರಿ ತಪ್ಪುವ ಸಂಭವ ಆರರಲ್ಲಿ ಒಂದು, ಗುಡ್ಡ ಮತ್ತು ಕಾಡಿನಲ್ಲಿ ಎರಡು, ಜೌಗು ಮತ್ತು ಮರುಭೂಮಿಯಲ್ಲಿ ಮೂರು. ರಸ್ತೆಯನ್ನೋ ಹೊಳೆಯನ್ನೋ ಹಿಡಿದು ಸಾಗುವವರು ದಾರಿ ತಪ್ಪುವುದಿಲ್ಲ. ತಪ್ಪಿದವರಿಗೆ ತಪ್ಪಿದ್ದೇವೆಂಬುದು ಒಡನೆ ತಿಳಿಯುವುದಿಲ್ಲ, ಮರುದಿನ ಎದುರಾಗಬೇಕಿದ್ದ ಹೊಳೆ ಎದುರಾಗದಿದ್ದಾಗ ಅನುಮಾನ ಹುಟ್ಟುತ್ತದೆ. ಹೆಕ್ಸುಗಳ ನಕಾಶೆಯನ್ನು ಆಟಗಾರರಿಗೆ ತೋರಿಸಬೇಕೇ ಬೇಡವೇ ಎಂಬ ಹಳೆಯ ಚರ್ಚೆ ಇದಕ್ಕೇ ಅಂಟಿಕೊಂಡಿದೆ. ತಮ್ಮ ಗುರುತಿನ ಕಲ್ಲು ಯಾವ ಮನೆಯಲ್ಲಿದೆ ಎಂಬುದು ಕಣ್ಣೆದುರೇ ಇದ್ದರೆ ದಾರಿ ತಪ್ಪುವುದು ಸಾಧ್ಯವಿಲ್ಲ. ಆದರೆ ಖಾಲಿ ಹೆಕ್ಸುಗಳ ಹಾಳೆಯೊಂದನ್ನು ಕೊಟ್ಟು, ಕಂಡದ್ದನ್ನು ಅವರೇ ತುಂಬಿಕೊಳ್ಳಲಿ ಎಂದು ಬಿಟ್ಟರೆ, ಅವರ ತಪ್ಪುಗಳೂ ಆ ಹಾಳೆಯಲ್ಲೇ ಸೇರುತ್ತವೆ. ನಾನು ಎರಡನೆಯದರ ಪಕ್ಷ.

ಇದರೊಡನೆ ಕಲಸಿಹೋಗುವ ಎರಡು ಪದಗಳಿವೆ. ಸ್ಯಾಂಡ್‌ಬಾಕ್ಸ್ ಎಂದರೆ ಮೊದಲೇ ಬರೆದ ಕಥೆಯ ಹಾದಿಯಿಲ್ಲದೆ ಆಟಗಾರರ ಇಚ್ಛೆಯಂತೆ ಸಾಗುವ ಯಾವುದೇ ಆಟ, ಹೆಕ್ಸ್ ಕ್ರಾಲ್ ಅದನ್ನು ನಡೆಸುವ ದಾರಿಗಳಲ್ಲಿ ಒಂದು. ಪಾಯಿಂಟ್ ಕ್ರಾಲಿನಲ್ಲಿ ಹೆಕ್ಸುಗಳಿರುವುದಿಲ್ಲ. ಸ್ಥಳಗಳನ್ನೂ ಅವುಗಳ ನಡುವಿನ ದಾರಿಗಳನ್ನೂ ಮಾತ್ರ ಗುರುತಿಸಲಾಗುತ್ತದೆ. ಆನೆಗೊಂದಿಯಂಥ ಬಂಡೆಗಳ ನಡುವೆ ನಡೆಯಬಹುದಾದ ಜಾಡುಗಳೇ ನಾಲ್ಕಾರು ಇರುವ ಕಡೆ ಅದೇ ಹೆಚ್ಚು ಹೊಂದುತ್ತದೆ. ಆಟಗಳ ವಿನ್ಯಾಸಕ ಬೆನ್ ರಾಬಿನ್ಸ್ 2007ರಲ್ಲಿ ವಿವರಿಸಿದ ವೆಸ್ಟ್ ಮಾರ್ಚಸ್ ಎಂಬ ಕ್ರಮವನ್ನೂ ಇಲ್ಲಿ ನೆನೆಯಬೇಕು: ಅದರಲ್ಲಿ ನಿಗದಿತ ವಾರವಾಗಲಿ ನಿಗದಿತ ತಂಡವಾಗಲಿ ಇರುವುದಿಲ್ಲ, ಯಾವಾಗ ಸೇರಬೇಕು ಎಲ್ಲಿಗೆ ಹೋಗಬೇಕು ಎಂಬುದನ್ನು ಆಟಗಾರರೇ ಗೊತ್ತುಮಾಡಿಕೊಂಡು ಬರುತ್ತಾರೆ. ನಾಟಿ, ಕೊಯ್ಲುಗಳ ಕಾಲದಲ್ಲಿ ಅರ್ಧ ಮಂದಿ ಸಿಗದ ಊರುಗಳಿಗೆ ಇದು ಬಹಳ ಅನುಕೂಲ.

ಸಿದ್ಧತೆ ಜನ ಅಂಜುವಷ್ಟು ದೊಡ್ಡದಲ್ಲ. ನಡುವಿನ ಹೆಕ್ಸ್ ಮತ್ತು ಅದರ ಸುತ್ತಲಿನ ಆರು, ಒಟ್ಟು ಏಳು ಹೆಕ್ಸುಗಳಿಗೆ ಎರಡೆರಡು ಸಾಲು ಬರೆದುಕೊಂಡರೆ ಮೊದಲ ಕೂಟಕ್ಕೆ ಸಾಕು. ಪ್ರತಿ ಹೆಕ್ಸಿನಲ್ಲೂ ಅದ್ಭುತವನ್ನೇ ತುಂಬಬೇಕೆಂದಿಲ್ಲ, ಒಂದೆರಡರಲ್ಲಿ ಕುಡಿಯುವ ನೀರಿನ ಬಾವಿಯೋ ಮಳೆಗೆ ಮರೆಯಾಗುವ ಗವಿಯೋ ಇದ್ದರೂ ಆಟಗಾರರಿಗೆ ಅದು ದೊಡ್ಡ ಲಾಭ. ಅದರಾಚೆಯ ಸುತ್ತಿನಲ್ಲಿ ಬರುವ ಹನ್ನೆರಡು ಹೆಕ್ಸುಗಳನ್ನು, ಮೊದಲ ಕೂಟ ಮುಗಿದು ಅವರು ಯಾವ ಕಡೆ ಮುಖ ಮಾಡಿದ್ದಾರೆಂಬುದು ತಿಳಿದ ಮೇಲೆ, ಆ ಮಗ್ಗುಲಿನಿಂದ ಬರೆಯಲು ತೊಡಗಬಹುದು.