ಎಫಿಡ್ರಾ ಹೋಯಿತು, ಕೆಫೀನ್ ಉಳಿಯಿತು: ಶಕ್ತಿವರ್ಧಕ ಪುಡಿಗಳ ಹಿನ್ನೆಲೆ

ವ್ಯಾಯಾಮಕ್ಕೆ ಮುಂಚೆ ಕುಡಿಯುವ, ಜಿಮ್‌ ಹುಡುಗರು ‘ಪ್ರೀ-ವರ್ಕೌಟ್’ ಎನ್ನುವ ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿ. ಕೆಲವು ಡಬ್ಬಿಗಳ ಹಿಂದೆ ‘ಪ್ರೊಪ್ರೈಟರಿ ಬ್ಲೆಂಡ್’ (ಕಂಪನಿಯದೇ ಗುಟ್ಟಿನ ಮಿಶ್ರಣ) ಎಂಬ ಸಾಲಿನಡಿ ಹತ್ತಾರು ಹೆಸರುಗಳಿರುತ್ತವೆ. ಎಲ್ಲ ಸೇರಿ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ, ಯಾವುದು ಎಷ್ಟು ಎಂದು ಮಾತ್ರ ಇರುವುದಿಲ್ಲ.

ಈ ಸಲಿಗೆ ಕೊಟ್ಟದ್ದು ಅಮೆರಿಕದ 1994ರ ಆಹಾರ ಪೂರಕಗಳ (ಸಪ್ಲಿಮೆಂಟ್) ಕಾನೂನು. ಪೂರಕವೊಂದು ಸುರಕ್ಷಿತ, ಪರಿಣಾಮಕಾರಿ ಎಂದು ಮಾರಾಟಕ್ಕೆ ಮುಂಚೆ ಸಾಬೀತುಪಡಿಸಬೇಕಾಗಿಲ್ಲ. ಅಪಾಯವಿದ್ದರೆ ಅದನ್ನು ತೋರಿಸುವ ಹೊಣೆ ಸರ್ಕಾರದ್ದು. ಔಷಧಿಗೆ ಇರುವ ನಿಯಮಕ್ಕೆ ಇದು ತೀರಾ ಉಲ್ಟಾ.

ಆಗ ಅಲ್ಲಿ ಭರಾಟೆಯಿಂದ ಮಾರಾಟವಾಗುತ್ತಿದ್ದದ್ದು ಎಫಿಡ್ರಾ, ಚೀನಾದವರು ‘ಮಾ ಹುವಾಂಗ್’ ಎನ್ನುವ ಗಿಡ. ಅದರಲ್ಲಿರುವ ಎಫಿಡ್ರಿನ್ ಅನ್ನು 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಬೇರ್ಪಡಿಸಿದ್ದರು. ಮುಂದೆ ಅದು ಉಬ್ಬಸಕ್ಕೆ ಔಷಧಿಯಾಯಿತು. ತೂಕ ಇಳಿಸುವವರಿಗೂ ಕ್ರೀಡಾಪಟುಗಳಿಗೂ ಇದೇ ವಸ್ತುವನ್ನು ಕೆಫೀನ್ ಜೊತೆ ಬೆರೆಸಿ ಮಾರಿದರು. ಫಲ ಎಷ್ಟು? 2003ರಲ್ಲಿ ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿತು: ಅಲ್ಪಾವಧಿಯಲ್ಲಿ ತಿಂಗಳಿಗೆ ಹೆಚ್ಚುವರಿಯಾಗಿ ಒಂದು ಕಿಲೋದಷ್ಟು ತೂಕ ಇಳಿಯಬಹುದು, ಅಷ್ಟೆ. ಎದೆಬಡಿತ, ಮಾನಸಿಕ ತಳಮಳ, ಹೊಟ್ಟೆಯ ತೊಂದರೆಗಳ ಸಾಧ್ಯತೆ ಮಾತ್ರ ಎರಡು ಮೂರು ಪಟ್ಟು ಹೆಚ್ಚು.

ಅದೇ ವರ್ಷದ ಫೆಬ್ರವರಿಯಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಬೇಸ್‌ಬಾಲ್ ತಂಡದ ಸ್ಟೀವ್ ಬೆಕ್ಲರ್ ಫ್ಲಾರಿಡಾದ ತರಬೇತಿ ಶಿಬಿರದಲ್ಲಿ ಶಾಖಾಘಾತಕ್ಕೊಳಗಾಗಿ ತೀರಿಕೊಂಡರು. ವಯಸ್ಸು 23. ಸಾವಿನಲ್ಲಿ ಎಫಿಡ್ರಾದ ಪಾತ್ರವಿದೆ ಎಂದು ವೈದ್ಯಕೀಯ ಪರೀಕ್ಷಕರು ಹೇಳಿದರು. ಅಮೆರಿಕದಲ್ಲಿ ಎಫಿಡ್ರಾ ಪೂರಕಗಳ ನಿಷೇಧ ಜಾರಿಗೆ ಬಂದದ್ದು 2004ರ ಏಪ್ರಿಲ್‌ನಲ್ಲಿ. ಇಷ್ಟು ತಡವಾದದ್ದಕ್ಕೆ ಆ ಕಾನೂನೇ ಕಾರಣ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಖಾಲಿಯಾದ ಜಾಗಕ್ಕೆ ಹುಳಿ ಕಿತ್ತಳೆಯಲ್ಲಿರುವ ಸಿನೆಫ್ರಿನ್ ಎಂಬ ಉತ್ತೇಜಕ ಬಂತು, ಹಿಂದೆಯೇ ಡಿಎಂಎಎ. ಈ ಡಿಎಂಎಎ 1940ರ ದಶಕದಲ್ಲಿ ಕಟ್ಟಿದ ಮೂಗಿಗೆಂದು ಎಲಿ ಲಿಲಿ ಕಂಪನಿ ರೂಪಿಸಿದ್ದ ರಾಸಾಯನಿಕ. ದಶಕಗಳ ನಂತರ ‘ಜೆರೇನಿಯಂ ಗಿಡದ ಸಾರ’ ಎಂಬ ಹೆಸರು ಹೊತ್ತು ಮರಳಿತು. ರಕ್ತನಾಳಗಳನ್ನು ಕುಗ್ಗಿಸಿ ರಕ್ತದೊತ್ತಡ ಏರಿಸುತ್ತದೆ. 2012ರಲ್ಲಿ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಯಾರಕರಿಗೆ ಎಚ್ಚರಿಕೆ ಪತ್ರ ಕಳಿಸಿತು.

ಇಷ್ಟೆಲ್ಲದರ ನಡುವೆ ಗಟ್ಟಿ ಪುರಾವೆ ಇರುವುದು ಹಳೆಯ ಕೆಫೀನ್‌ಗೆ. ಮಿದುಳಿಗೆ ದಣಿವಿನ ಸುದ್ದಿ ಮುಟ್ಟಿಸುವ ಅಡಿನೋಸಿನ್‌ಗೆ ಅದು ಅಡ್ಡ ಕೂರುತ್ತದೆ. ದಣಿವು ಹೋಗುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೆ. ದೇಹತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ ತೆಗೆದುಕೊಂಡರೆ ಓಟ, ಸೈಕ್ಲಿಂಗ್‌ನಂಥ ದೀರ್ಘ ಶ್ರಮಕ್ಕೆ ಸಹಾಯವಾಗುತ್ತದೆ. ಕೊರತೆ ಇಲ್ಲದವರಿಗೆ ಬಿ ವಿಟಮಿನ್ನಿಂದ ಹೊಸ ಹುರುಪೇನೂ ಬರುವುದಿಲ್ಲ. ಇಂಥ ಪುಡಿಗಳಲ್ಲಿರುವ ಬೀಟಾ-ಅಲನೈನ್ ಎಂಬ ಅಮೈನೋ ಆಮ್ಲ ಕೊಡುವ ಚರ್ಮದ ಜುಮ್ಮೆನ್ನುವಿಕೆಯನ್ನು ‘ಕೆಲಸ ಮಾಡ್ತಿದೆ’ ಎಂದುಕೊಳ್ಳುವವರು ಬಹಳ. ಅದು ನರದ ಪ್ರತಿಕ್ರಿಯೆ ಮಾತ್ರ.

ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೆಫೀನ್ ಪಾನೀಯಗಳಿಗೆ ಲೀಟರಿಗೆ 300 ಮಿಲಿಗ್ರಾಂ ಮಿತಿ ಹಾಕಿದೆ. 250 ಮಿಲಿಲೀಟರ್ ಕ್ಯಾನ್‌ಗೆ ಗರಿಷ್ಠ 75. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂವರೆಗೆ ಆತಂಕವಿಲ್ಲ. ಗರ್ಭಿಣಿಯರಿಗೆ ದಿನಕ್ಕೆ 200. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಸಂಜೆ ಆರಕ್ಕೆ 200 ಮಿಲಿಗ್ರಾಂ ಕುಡಿದು ಜಿಮ್‌ಗೆ ಹೋದವರಿಗೆ ರಾತ್ರಿ ಹನ್ನೊಂದಕ್ಕೆ ಇನ್ನೂ 100 ಉಳಿದಿರುತ್ತದೆ.