ಗೂಳಿ ಕುಟ್ಟಲು ಮೊಂಡು ಮೊಳೆ ಬೇಕು

ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿ ಬಂದ ಮಕ್ಕಳಿಗೆ ಕಾಗದ, ಬಣ್ಣ ಕೊಟ್ಟರೆ ಮೂಡುವುದು ಪಠ್ಯಪುಸ್ತಕದ ಹಸುವೇ. ಸಂಗನಕಲ್ಲು, ಕಪ್ಪಗಲ್ಲು ಬೆಟ್ಟದ ಉದ್ದಕೊಂಬಿನ, ಡುಬ್ಬದ ಗೂಳಿಗಳನ್ನು ನವಶಿಲಾಯುಗದ ಜನ ಕರಿಬಂಡೆಯ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ್ದರು. ಡಾಲರೈಟ್ ಎಂಬ ಈ ಬಂಡೆಯ ಮೈ ಬಿಸಿಲು, ಮಳೆಗೆ ಕಪ್ಪಾಗಿರುತ್ತದೆ. ಕುಟ್ಟಿದಲ್ಲಿ ಒಳಗಿನ ತಿಳಿಬಣ್ಣ ಕಾಣುತ್ತದೆ, ಅಷ್ಟೇ ಗುಟ್ಟು. ಇದನ್ನು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚಪ್ಪಡಿಯ ಮೇಲೆ ಮನೆಮಂದಿಯೆಲ್ಲ ಕೂತು ಮಾಡಬಹುದು.

15×20 ಸೆಂ.ಮೀ. ಟ್ರೇಗೆ ಒಳಗಡೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. 420 ಮಿ.ಲೀ. ನೀರಿಗೆ 600 ಗ್ರಾಂ ಪಿಒಪಿಯನ್ನು ಉದುರಿಸುತ್ತ ಬನ್ನಿ. ಪುಡಿಗೆ ನೀರು ಹೊಯ್ದರೆ ಗಂಟು ಕಟ್ಟುತ್ತದೆ. ಒಂದು ನಿಮಿಷ ಹಾಗೇ ನೆನೆಯಲು ಬಿಟ್ಟು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ ಸುರಿಯಿರಿ. ದಪ್ಪ 2 ಸೆಂ.ಮೀ. ಇರಲಿ, ಒಂದೇ ಸೆಂ.ಮೀ. ಆದರೆ ಮೂರನೇ ಪೆಟ್ಟಿಗೆ ಎರಡು ಹೋಳು. ಗಟ್ಟಿಯಾಗುವಾಗ ಪಿಒಪಿ ಬಿಸಿಯಾಗುತ್ತದೆ, ಮಕ್ಕಳ ಕೈ ಅದರೊಳಗೆ ಹೋಗಬಾರದು. ಉಳಿದದ್ದನ್ನು ಬಚ್ಚಲಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ.

ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ನಾಲ್ಕೈದು ದಿನ ಒಣಗಿಸಬೇಕು. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಹಸಿ ಚಪ್ಪಡಿಗೆ ಕಪ್ಪು ಬಳಿದರೆ ಬಣ್ಣ ಒಳಕ್ಕಿಳಿದು, ಎಷ್ಟು ಕುಟ್ಟಿದರೂ ಬಿಳಿ ಸರಿಯಾಗಿ ಬರುವುದಿಲ್ಲ.

ಒಣಗಿದ ಚಪ್ಪಡಿಗೆ ಬಳಿಯುವ ಕಪ್ಪು ಬಣ್ಣಕ್ಕೆ 100 ಮಿ.ಲೀ. ನೀರು, ಎರಡು ಚಮಚ ಬ್ಲ್ಯಾಕ್ ಆಕ್ಸೈಡ್ ಪುಡಿ, ಅರ್ಧ ಚಮಚ ರೆಡ್ ಆಕ್ಸೈಡ್ ಪುಡಿ, ಒಂದು ಚಮಚ ಫೆವಿಕಾಲ್. ಎಲ್ಲ ಎಡವುವುದು ಈ ಫೆವಿಕಾಲಿನಲ್ಲೇ. ಹೆಚ್ಚಾದರೆ ಬಣ್ಣ ಪ್ಲಾಸ್ಟಿಕ್ ಹಾಳೆಯಂತೆ ಎದ್ದು ಬರುತ್ತದೆ, ಗೂಳಿಯ ಬೆನ್ನೇ ಕಿತ್ತುಹೋಗುತ್ತದೆ. ಕಮ್ಮಿಯಾದರೆ ಅಂಗೈ, ಅಂಗಿಯೆಲ್ಲ ಮಸಿ.

ಮೂರಿಂಚಿನ ಮೊಳೆಯ ತುದಿಯನ್ನು ಅರದಿಂದ ತಿಕ್ಕಿ ಮೊಂಡು ಮಾಡಿ. ಚೂಪು ಮೊಳೆ ಆಳಕ್ಕೆ ಇಳಿದು ಬಿರುಕು ಬಿಡಿಸುತ್ತದೆ. ಮೊಂಡು ಮೊಳೆ 2–3 ಮಿ.ಮೀ. ಅಗಲದ ಚುಕ್ಕೆ ಕೊಡುತ್ತದೆ. ಈ ಲೆಕ್ಕದಿಂದಲೇ ಗೂಳಿಯ ಅಳತೆ ನಿರ್ಧಾರ: ಮೈ ಉದ್ದ 10 ಸೆಂ.ಮೀ.ಗಿಂತ ಚಿಕ್ಕದಾದರೆ ನಾಲ್ಕು ಕಾಲು ಒಂದೇ ಮುದ್ದೆಯಾಗುತ್ತವೆ. ಸುತ್ತಿಗೆ ಬೇಡ, ಹಳ್ಳದ ಉರುಟು ಕಲ್ಲು ಸಾಕು. ಚಪ್ಪಡಿಯ ಕೆಳಗೆ ನಾಲ್ಕು ಮಡಿಕೆ ಗೋಣಿಚೀಲ ಹಾಸಲೇಬೇಕು. ಬರೀ ಮೇಜಿನ ಮೇಲಿಟ್ಟು ಕುಟ್ಟಿದರೆ ಪೆಟ್ಟು ಕೆಳಗಿನಿಂದ ತಿರುಗಿ ಬಂದು ನಡುವೆಯೇ ಸೀಳುತ್ತದೆ.

ಸೀಮೆಸುಣ್ಣದಲ್ಲಿ ಹೊರಗೆರೆ ಹಾಕಿ, ಮೊದಲು ಕೊಂಬು, ಆಮೇಲೆ ಡುಬ್ಬ, ಕೊನೆಗೆ ಹೊಟ್ಟೆ. ಮೊಳೆ ನೇರ ನಿಲ್ಲಲಿ. ಓರೆಯಾದರೆ ಜಾರಿ ಗೀರು ಬೀಳುತ್ತದೆ. ಅರ್ಧ ಗಂಟೆ ಹೊತ್ತಿಗೆ ಮಗುವಿನ ಕೈ ಸೋಲುತ್ತದೆ, ಆಗ ಅಪ್ಪನೋ ಅಜ್ಜಿಯೋ ಮುಂದುವರಿಸಲಿ. ‘ತಡಿ, ನಾನು ನೆಟ್ಟಗ್ ಮಾಡಿಕೊಡ್ತೀನಿ’ ಎಂದು ಶುರುವಿನಲ್ಲೇ ಮೊಳೆ ಕಸಿದುಕೊಳ್ಳುವ ದೊಡ್ಡವರೇ ಹೆಚ್ಚು. ಅವರಿಗೂ ಒಂದು ಚಪ್ಪಡಿ ಕೊಟ್ಟುಬಿಡುವುದು ಒಳ್ಳೆಯದು. ಎಲ್ಲರಿಗೂ ಕನ್ನಡಕ ಕಡ್ಡಾಯ. ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಆರು ವರ್ಷದೊಳಗಿನವರಿಗೆ ಮೊಳೆ ಬೇಡ, ಮಣ್ಣಿನ ಗೂಳಿ ಮಾಡಲಿ. ನಮ್ಮ ಹೊಲದ ಎರೆ ಮಣ್ಣು ಇದಕ್ಕೆ ಬಾರದು, ಒಣಗುವಾಗ ಕುಗ್ಗಿ ಸೀಳುತ್ತದೆ. ಕುಂಬಾರರಿಂದಲೇ ಹದ ಮಾಡಿದ ಮಣ್ಣು ತನ್ನಿ. ಕೊಂಬು ಅಂಟಿಸುವ ಎರಡೂ ಕಡೆ ಗೀರಿ, ತೆಳು ಕೆಸರು ಹಚ್ಚಿ ಒತ್ತಿ. ಬರೀ ಒತ್ತಿದ ಕೊಂಬು ಮಾರನೇ ದಿನ ಕೆಳಗೆ ಬಿದ್ದಿರುತ್ತದೆ.

ಇದಾದ ಮೇಲೆ ಮಕ್ಕಳು ಬೆಟ್ಟಕ್ಕೆ ಹೋಗೋಣ ಎಂದು ಹಟ ಹಿಡಿಯುವುದು ಸಹಜ. ಮೊಳೆ, ಸೀಮೆಸುಣ್ಣ ಎರಡನ್ನೂ ಮನೆಯಲ್ಲೇ ಬಿಟ್ಟು ಹೊರಡಿ. ಫೋಟೋ ಚೆನ್ನಾಗಿ ಬರಲೆಂದು ಹಳೆಯ ಗೆರೆಗೆ ಸುಣ್ಣ ತುಂಬುವವರಿದ್ದಾರೆ, ಅದು ಬಂಡೆಗೆ ಹಾನಿ. ನಡುಮಧ್ಯಾಹ್ನ ಹೋದರೆ ಗೂಳಿ ಕಣ್ಣಿಗೇ ಬೀಳದು. ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ಕೊಂಬಿನ ಗೆರೆ ಸುಣ್ಣವಿಲ್ಲದೆಯೇ ಕಾಣುತ್ತದೆ.